ಮರದ ಪೆಟ್ಟಿಗೆಯ ಐದು ಆಟಗಳು: ಒಂದು ವರ್ಷ ಗಣಿತ ತರಗತಿಯಲ್ಲಿ ಆಡಿಸಿ ನೋಡಿದ ಮೇಲೆ

ಕಳೆದ ವರ್ಷ ಬೇಸಿಗೆ ರಜೆಯಲ್ಲಿ ಮೈಸೂರಿಗೆ ಹೋಗುವಾಗ ಚನ್ನಪಟ್ಟಣದ ಹಳೆಯ ಹೆದ್ದಾರಿಯ ಪಕ್ಕದ ಒಂದು ಆಟಿಕೆ ಅಂಗಡಿಯಲ್ಲಿ 1,350 ರೂಪಾಯಿ ಕೊಟ್ಟು ಒಂದು ಮರದ ಪೆಟ್ಟಿಗೆ ಕೊಂಡೆ. ಅದರೊಳಗೆ ಇಬ್ಬರು ಕೂತು ಆಡುವ ಐದು ಆಟಗಳ ಸಾಮಾನು ಮತ್ತು 24 ಪುಟಗಳ ಒಂದು ಕನ್ನಡ ಪುಸ್ತಿಕೆ ಇದ್ದವು. ಪೆಟ್ಟಿಗೆಯ ಮೇಲೆ "ಆಟದಿಂದ ಗಣಿತ" ಎಂದು ಬರೆದಿತ್ತು. ಮಲೆನಾಡಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಒಂಬತ್ತು ಮತ್ತು ಹತ್ತನೇ ತರಗತಿಗೆ ಗಣಿತ ಕಲಿಸುವ ನನಗೆ ಆ ಎರಡು ಪದಗಳು ನಿಜವೇ ಎಂದು ತಿಳಿಯಬೇಕಿತ್ತು. ಜೂನ್ ತಿಂಗಳಿಂದ ಪ್ರತಿ ಶನಿವಾರದ ಕೊನೆಯ ಅವಧಿಯಲ್ಲಿ ಒಂಬತ್ತನೇ ತರಗತಿಯ 34 ಮಕ್ಕಳಿಗೆ ಈ ಆಟಗಳನ್ನು ಆಡಿಸಿದ್ದೇನೆ. ಒಂದು ವಾರ ಬಳಸಿ ಬರೆದ ವಿಮರ್ಶೆಯಿಂದ ಶಿಕ್ಷಕರಿಗೆ ಉಪಯೋಗವಾಗುವುದಿಲ್ಲ ಎಂದು ಇಷ್ಟು ದಿನ ಕಾದು, ಶಾಲೆಗಾಗಿ ಅಥವಾ ಮನೆಯ ಮಕ್ಕಳಿಗಾಗಿ ಇಂಥ ಪೆಟ್ಟಿಗೆ ಕೊಳ್ಳಬೇಕೆಂದು ಯೋಚಿಸುತ್ತಿರುವವರಿಗೆ ಈಗ ಬರೆಯುತ್ತಿದ್ದೇನೆ.

ಮೊದಲು ಕೆಲಸಗಾರಿಕೆಯ ಮಾತು. ಮಣಿಗಳು ಆಲೆ ಮರದವು; ತಿರುಗಣೆಯಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಬಣ್ಣ ಏರಿಸುವ ಚನ್ನಪಟ್ಟಣದ ಪದ್ಧತಿಯಲ್ಲಿಯೇ ಮಾಡಿದವು. ಒಂದು ವರ್ಷ ಮೂವತ್ತನಾಲ್ಕು ಜೊತೆ ಕೈಗಳಲ್ಲಿ ಓಡಾಡಿದರೂ ಬಣ್ಣ ಎಲ್ಲಿಯೂ ಎದ್ದಿಲ್ಲ. ಕೆಂಪು, ಹಳದಿ, ಹಸಿರು ಬಣ್ಣಗಳಲ್ಲಿ ಹತ್ತು ಹತ್ತರಂತೆ ಮೂವತ್ತು ಮಣಿ, ಇಪ್ಪತ್ತನಾಲ್ಕು ಚೌಕ ತುಂಡು, ಬಟ್ಟೆಯ ಮೇಲೆ ಅಚ್ಚು ಹಾಕಿದ ಎಂಟು ಅಡ್ಡ ಎಂಟು ಮನೆಗಳ ಹಾಸು, ಅದರ ಮೇಲೆ ನಡೆಸಲು ಒಂದೇ ಒಂದು ರಾಣಿ, ಹುಲಿ-ಕುರಿ ಆಟದ ಹಲಗೆ, ಅದಕ್ಕೆ ಮೂರು ಹುಲಿ ಮತ್ತು ಹದಿನೈದು ಕುರಿ: ಪೆಟ್ಟಿಗೆಯಲ್ಲಿ ಇರುವುದು ಇಷ್ಟು. ದಾಳ ಇಲ್ಲ, ಕವಡೆ ಇಲ್ಲ. ಈ ಆಯ್ಕೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಚೌಕಾಬಾರ, ಪಗಡೆಗಳು ಒಳ್ಳೆಯ ಆಟಗಳೇ, ಆದರೆ ಸೋತ ಮಗು ಕವಡೆಯನ್ನು ದೂರಬಹುದಾದ ಆಟದಲ್ಲಿ "ಎಲ್ಲಿ ತಪ್ಪಿದೆ?" ಎಂಬ ಪ್ರಶ್ನೆ ತಾನಾಗಿ ಹುಟ್ಟುವುದು ಕಷ್ಟ. ಅದೃಷ್ಟಕ್ಕೆ ಜಾಗವಿಲ್ಲದ, ಎಲ್ಲವೂ ಇಬ್ಬರ ಕಣ್ಣೆದುರೇ ಇರುವ, ಎಂದಾದರೊಮ್ಮೆ ಮುಗಿಯಲೇಬೇಕಾದ ಮತ್ತು ಸಮಬಲಕ್ಕೆ ಅವಕಾಶವಿಲ್ಲದ ಆಟದಲ್ಲಿ ಇಬ್ಬರಲ್ಲಿ ಒಬ್ಬರಿಗೆ ಖಚಿತವಾದ ಗೆಲುವಿನ ದಾರಿ ಇದ್ದೇ ಇರುತ್ತದೆ. 1913ರಲ್ಲಿ ಜರ್ಮನಿಯ ಗಣಿತಜ್ಞ ಜರ್ಮೆಲೊ ಚದುರಂಗದ ಕುರಿತು ಬರೆದ ಲೇಖನದಿಂದ ಬೆಳೆದು ಬಂದ ವಿಚಾರ ಇದು. ಆ ದಾರಿ ಇದೆ ಎಂದು ಗೊತ್ತಿದ್ದ ಮೇಲೆ ಹುಡುಕುವುದಷ್ಟೇ ಉಳಿಯುತ್ತದೆ.

ಕೊಳ್ಳುವವರು ಗಮನಿಸಬೇಕಾದ ಮೊದಲ ಕೊರತೆ, ಮಣಿಗಳು ಗುಂಡಗಿರುವುದು. ನಮ್ಮ ಡೆಸ್ಕುಗಳ ಮೇಲ್ಮೈ ಮುಂದಕ್ಕೆ ಇಳಿಜಾರು. ಸಾಲಾಗಿ ಜೋಡಿಸಿದ ಮಣಿ ಒಂದು ಮೊಣಕೈ ತಾಗಿದರೆ ಸಾಕು, ಉರುಳಿ ನೆಲ ಸೇರುತ್ತದೆ, ಆಟ ಅಲ್ಲಿಗೆ ಕೆಡುತ್ತದೆ. ಚಪ್ಪಟೆ ಬಿಲ್ಲೆಗಳನ್ನು ಮಾಡಿದ್ದರೆ ಖರ್ಚು ಹೆಚ್ಚಾಗುತ್ತಿರಲಿಲ್ಲ. ಎರಡನೆಯ ಕೊರತೆ ಇದಕ್ಕಿಂತ ದೊಡ್ಡದು: ಮುಚ್ಚಳದ ಒಳಮೈಯಲ್ಲಿ "ಗೆಲುವಿನ ಗುಟ್ಟು" ಎಂಬ ತಲೆಬರಹದ ಕೆಳಗೆ ಮೊದಲ ಮೂರು ಆಟಗಳ ಉತ್ತರವನ್ನು ಅಚ್ಚು ಮಾಡಿದ್ದಾರೆ. ಪೆಟ್ಟಿಗೆ ತೆರೆದ ಕೂಡಲೇ ಕಣ್ಣಿಗೆ ಬೀಳುವುದು ಅದೇ. ಮಗು ಎರಡು ಮೂರು ವಾರ ತಡಕಾಡಿ ತಾನೇ ಕಂಡುಕೊಳ್ಳಬೇಕಾದದ್ದನ್ನು ಆಟ ಶುರುವಾಗುವ ಮೊದಲೇ ಕೈಗೆ ಕೊಟ್ಟುಬಿಟ್ಟರೆ ಪೆಟ್ಟಿಗೆ ಇರುವುದಾದರೂ ಏತಕ್ಕೆ? ನಾನು ನೋಟ್‌ಬುಕ್ಕಿಗೆ ಬೈಂಡ್ ಹಾಕುವ ಖಾಕಿ ಕಾಗದವನ್ನು ಅದರ ಮೇಲೆ ಅಂಟಿಸಿದ ನಂತರವೇ ಪೆಟ್ಟಿಗೆಯನ್ನು ತರಗತಿಗೆ ಒಯ್ದೆ. ಕೊಳ್ಳುವ ಎಲ್ಲರಿಗೂ ನನ್ನ ಮೊದಲ ಸಲಹೆ ಇದೇ.

ಈಗ ಆಟಗಳಿಗೆ ಬರುತ್ತೇನೆ. ಮೊದಲನೆಯದು ಇಪ್ಪತ್ತೊಂದು ಮಣಿಗಳ ಆಟ. ಒಬ್ಬರಾದ ಮೇಲೆ ಒಬ್ಬರು ಒಂದು, ಎರಡು ಅಥವಾ ಮೂರು ಮಣಿ ಎತ್ತಬೇಕು. ಕೊನೆಯ ಮಣಿ ಎತ್ತಿದವರು ಗೆದ್ದರು. ಈ ಬಗೆಯ ಆಟ ಬಹಳ ಹಳೆಯದು. 1612ರಲ್ಲಿಯೇ ಫ್ರಾನ್ಸಿನ ಬಾಶೆ ಎಂಬ ಗಣಿತಜ್ಞ, ಒಂದರಿಂದ ಹತ್ತರವರೆಗಿನ ಸಂಖ್ಯೆಗಳನ್ನು ಸರದಿಯಂತೆ ಕೂಡಿಸುತ್ತಾ ನೂರನ್ನು ಮುಟ್ಟುವ ಸಮಸ್ಯೆಯಾಗಿ ಇದನ್ನು ಬರೆದಿದ್ದ. ಒಂದೇ ಪೆಟ್ಟಿಗೆ, ಹದಿನೇಳು ಜೋಡಿ ಮಕ್ಕಳು. ಹಾಗಾಗಿ ಉಳಿದವರಿಗೆ ಹುಣಸೆ ಬೀಜ ಹಂಚಿದೆ. ಮೊದಲ ಶನಿವಾರ ತರಗತಿಯಲ್ಲಿ ಗದ್ದಲವೋ ಗದ್ದಲ. ಎಲ್ಲರಿಗೂ ಗೆಲ್ಲುವ ಆತುರ, ಯಾರಿಗೂ ಗೆದ್ದದ್ದು ಹೇಗೆಂದು ಗೊತ್ತಿಲ್ಲ. ಎರಡನೇ ಶನಿವಾರದ ಹೊತ್ತಿಗೆ "ನಾಲ್ಕು ಉಳಿದಾಗ ನನ್ನ ಸರದಿ ಬಂದರೆ ಕಥೆ ಮುಗಿಯಿತು" ಎಂಬುದು ಬಹಳಷ್ಟು ಮಕ್ಕಳಿಗೆ ಹೊಳೆದಿತ್ತು. ಅಂಥ ಸಂಖ್ಯೆಗೆ ಅವರೇ "ಬಲೆ" ಎಂದು ಹೆಸರಿಟ್ಟರು. ವರ್ಷವಿಡೀ ಆ ಹೆಸರೇ ನಿಂತಿತು. ನಾಲ್ಕು ಬಲೆಯಾದರೆ ಎಂಟೂ ಬಲೆ, ಏಕೆಂದರೆ ಎದುರಾಳಿ ಎಷ್ಟೇ ತೆಗೆದರೂ ಅದನ್ನು ನಾಲ್ಕಕ್ಕೆ ತುಂಬಿ ನಾಲ್ಕನ್ನು ಉಳಿಸಬಹುದು. ಹನ್ನೆರಡು, ಹದಿನಾರು, ಇಪ್ಪತ್ತು ಹೀಗೆ ಮೇಲೇರಿದರೆ ಇಪ್ಪತ್ತೊಂದರಲ್ಲಿ ಮೊದಲಿಗರು ಒಂದು ಮಣಿ ತೆಗೆದರೆ ಗೆಲುವು ಅವರದೇ. ಭಾಗಾಕಾರದ ಶೇಷಕ್ಕೆ ಇಂಥ ಜೀವಂತ ಉಪಯೋಗವನ್ನು ಈ ಮಕ್ಕಳು ಅದುವರೆಗೆ ಕಂಡಿರಲಿಲ್ಲ.

ಮೂರನೇ ಶನಿವಾರ ಕಿಟಕಿ ಪಕ್ಕದ ಡೆಸ್ಕಿನಲ್ಲಿ ಕೂತ ಇಬ್ಬರು ಹುಡುಗರ ಮಾತು ನನ್ನ ಕಿವಿಗೆ ಬಿತ್ತು.

"ಮೊದಲು ನೀನಾಡು."

"ಬೇಡ, ನೀನೇ ಆಡು."

"ಎಷ್ಟು ಬೀಜ ಇದೆ ಎಣಿಸಿದ್ಯಾ?"

"ಇಪ್ಪತ್ತು."

"ಗೊತ್ತು ಬಿಡು ನಿನ್ನ ಉಪಾಯ. ಹಾಗಾದ್ರೆ ಒಂದು ಬೀಜ ಸೇರಿಸು, ನಾನೇ ಮೊದಲು ಆಡ್ತೀನಿ."

ಹದಿನೈದು ದಿನದ ಹಿಂದೆ ಇದೇ ಇಬ್ಬರು "ನಾನು ಮೊದಲು, ನಾನು ಮೊದಲು" ಎಂದು ಕಿತ್ತಾಡಿದ್ದರು. ಈ ಬದಲಾವಣೆಯೇ ನನ್ನ ಪಾಲಿಗೆ ಪೆಟ್ಟಿಗೆಯ ನಿಜವಾದ ಪರೀಕ್ಷೆಯಾಯಿತು. ಒಂದು ಆಟವನ್ನು ಗೆಲ್ಲುವುದು ಹೇಗೆ ಎಂಬ ಚಿಂತೆ ಬಿಟ್ಟು, ಈ ಸ್ಥಿತಿಯಿಂದ ಯಾರು ಗೆಲ್ಲಬೇಕು, ಯಾಕೆ, ಎಂದು ಮಗು ಕೇಳತೊಡಗಿದ ಗಳಿಗೆಯಲ್ಲಿ ಆಟ ಗಣಿತವಾಗುತ್ತದೆ. ಅದಕ್ಕೆ ಮೊದಲು ಅದು ಬರೀ ಆಟ. ಪೆಟ್ಟಿಗೆಯ ಐದೂ ಆಟಗಳನ್ನು ನಾನು ಈ ಒಂದು ಅಳತೆಗೋಲಿನಿಂದಲೇ ತೂಗಿದ್ದೇನೆ: ಈ ಆಟವು ಮಗುವನ್ನು ಆ ಪ್ರಶ್ನೆಯವರೆಗೆ ಕರೆದೊಯ್ಯುತ್ತದೆಯೇ, ಒಯ್ದ ಮೇಲೆ ಉತ್ತರಕ್ಕೆ ದಾರಿ ಕೊಡುತ್ತದೆಯೇ?

ಪುಸ್ತಿಕೆ ಇಪ್ಪತ್ತೊಂದರ ಆಟವನ್ನು ನಾಲ್ಕರ ಮಗ್ಗಿಯಲ್ಲಿ ಮುಗಿಸಿಬಿಡುತ್ತದೆ. ಅದು ದೊಡ್ಡ ಅವಕಾಶವನ್ನು ಕೈಬಿಟ್ಟಂತೆ. ನಿಯಮವನ್ನು ಸ್ವಲ್ಪವೇ ಬದಲಿಸಿದರೆ ಆಟ ಹೊಸದಾಗುತ್ತದೆ. ಕೊನೆಯ ಮಣಿ ಎತ್ತಿದವರು ಸೋತಂತೆ ಎಂದು ಬದಲಿಸಿದರೆ ಬಲೆಗಳು 1, 5, 9, 13, 17, 21 ಆಗುತ್ತವೆ. ಅದೇ ಇಪ್ಪತ್ತೊಂದರಲ್ಲಿ ಈಗ ಎರಡನೆಯವರು ಗೆಲ್ಲುತ್ತಾರೆ. ಇನ್ನೂ ಒಳ್ಳೆಯದು, ಎರಡನ್ನು ಎತ್ತುವಂತಿಲ್ಲ, ಒಂದು, ಮೂರು ಅಥವಾ ನಾಲ್ಕು ಮಾತ್ರ ಎತ್ತಬಹುದು ಎಂಬ ನಿಯಮ. ಮೊದಲ ಆಟದಲ್ಲಿ ಮೂರಕ್ಕೆ ಒಂದು ಸೇರಿಸಿ ನಾಲ್ಕು ಬಂದಿತ್ತು, ಆದ್ದರಿಂದ ಇಲ್ಲಿ ನಾಲ್ಕಕ್ಕೆ ಒಂದು ಸೇರಿಸಿ ಐದರ ಮಗ್ಗಿ ಎಂದು ಇಡೀ ತರಗತಿ ಒಕ್ಕೊರಲಿನಿಂದ ಹೇಳಿತು. ಐದು ಮಣಿ ಇಟ್ಟು ಆಡಿ ನೋಡಿದರೆ ಆ ಊಹೆ ಅಲ್ಲಿಯೇ ಬಿದ್ದುಹೋಯಿತು: ಐದರಲ್ಲಿ ಮೂರು ತೆಗೆದರೆ ಉಳಿಯುವುದು ಎರಡು; ಎದುರಾಳಿ ಒಂದನ್ನಷ್ಟೇ ತೆಗೆಯಬಲ್ಲ, ಕೊನೆಯದು ನಮ್ಮದು. ಆಮೇಲೆ ಮಕ್ಕಳು ಸೊನ್ನೆಯಿಂದ ಒಂದೊಂದೇ ಸಂಖ್ಯೆ ಬರೆದು, ಯಾವ ನಡೆ ನಡೆದರೂ ಎದುರಾಳಿಗೆ ಅನುಕೂಲವಾಗುವ ಸಂಖ್ಯೆಗಳಿಗೆ ಸುತ್ತು ಹಾಕುತ್ತಾ ಹೋದರು. 2, 7, 9, 14, 16, 21. ಏಳರಿಂದ ಭಾಗಿಸಿದಾಗ ಶೇಷ ಸೊನ್ನೆ ಅಥವಾ ಎರಡು ಬರುವ ಸಂಖ್ಯೆಗಳೇ ಬಲೆಗಳು ಎಂದು ಒಬ್ಬ ಹುಡುಗಿ ಹೇಳಿದಾಗ, "ಮುಂದೆಯೂ ಹಾಗೆಯೇ ಆಗುತ್ತದೆ ಎಂದು ಹೇಗೆ ಹೇಳುತ್ತೀ?" ಎಂದು ಕೇಳಿದವರು ಪಕ್ಕದ ಮಕ್ಕಳೇ ಹೊರತು ನಾನಲ್ಲ. ಪುಸ್ತಿಕೆಯಲ್ಲಿ ಇದೊಂದು ಪುಟವಿದ್ದಿದ್ದರೆ ಅದರ ಬೆಲೆ ಇಮ್ಮಡಿಯಾಗುತ್ತಿತ್ತು.

ಎರಡನೆಯ ಆಟ ನಿಮ್. ಮಣಿಗಳನ್ನು ಮೂರು, ಐದು, ಏಳರ ಮೂರು ಸಾಲಾಗಿ ಇಟ್ಟು, ಸರದಿ ಬಂದವರು ಯಾವುದಾದರೂ ಒಂದೇ ಸಾಲಿನಿಂದ ಎಷ್ಟು ಬೇಕಾದರೂ ಎತ್ತಬಹುದು. ಇಲ್ಲಿಯೂ ಕೊನೆಯದನ್ನು ಎತ್ತಿದವರು ಗೆದ್ದರು. ಇದಕ್ಕೆ ಈ ಹೆಸರನ್ನಿಟ್ಟು ಪೂರ್ಣ ಸಿದ್ಧಾಂತ ಕೊಟ್ಟವರು ಹಾರ್ವರ್ಡಿನ ಚಾರ್ಲ್ಸ್ ಬೌಟನ್, 1901ರಲ್ಲಿ. ಪುಸ್ತಿಕೆ ನೇರವಾಗಿ, ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳಲ್ಲಿ ಬರೆಯುವ ದ್ವಿಮಾನ ಸಂಖ್ಯೆಗಳಿಗೆ ಹಾರುತ್ತದೆ; ಒಂಬತ್ತನೇ ತರಗತಿಯ ಮಗುವಿಗೆ ಅದು ಆಟದ ಮಧ್ಯೆ ಬಂದು ಬಿದ್ದ ಬೇರೆ ಪಾಠದಂತೆ ಕಾಣುತ್ತದೆ. ನಾನು ಹಿಡಿದ ದಾರಿ ಬೇರೆ. ಮೊದಲು ಎರಡೇ ಸಾಲು. ಎರಡೂ ಸಮನಾಗಿದ್ದರೆ ಎದುರಾಳಿ ಮಾಡಿದ್ದನ್ನೇ ಇನ್ನೊಂದು ಸಾಲಿನಲ್ಲಿ ಮಾಡುತ್ತಾ ಹೋಗುವುದು, ಸಮನಾಗಿಲ್ಲದಿದ್ದರೆ ಮೊದಲ ನಡೆಯಲ್ಲಿಯೇ ಸಮ ಮಾಡುವುದು. ಇದನ್ನು ಕಂಡುಹಿಡಿಯಲು ಮಕ್ಕಳಿಗೆ ಅರ್ಧ ಗಂಟೆಯೂ ಬೇಕಾಗಲಿಲ್ಲ. ಮೂರು ಸಾಲಾದಾಗ ಸಮ ಮಾಡುವುದು ಎಂದರೇನು ಎಂಬ ಪ್ರಶ್ನೆ ಎರಡು ವಾರ ಕಾಡಿತು. ಕಾಡಲು ಬಿಟ್ಟೆ. ಆ ಬಳಿಕ ಒಂದೇ ಒಂದು ಸುಳಿವು ಕೊಟ್ಟೆ: ಪ್ರತಿ ಸಾಲನ್ನೂ ನಾಲ್ಕು, ಎರಡು, ಒಂದರ ಗುಂಪುಗಳಾಗಿ ಒಡೆಯಿರಿ, ಒಂದು ಸಾಲಿನಲ್ಲಿ ಒಂದು ಗಾತ್ರದ ಗುಂಪು ಒಂದಕ್ಕಿಂತ ಹೆಚ್ಚು ಬರಬಾರದು.

ಏಳು ಎಂದರೆ ನಾಲ್ಕು, ಎರಡು, ಒಂದು. ಐದು ಎಂದರೆ ನಾಲ್ಕು, ಒಂದು. ಮೂರು ಎಂದರೆ ಎರಡು, ಒಂದು. ಡೆಸ್ಕಿನ ಮೇಲೆ ಹೀಗೆ ಬಿಡಿಸಿ ಇಟ್ಟಾಗ ನಾಲ್ಕರ ಗುಂಪಿಗೆ ನಾಲ್ಕರ ಜೋಡಿ ಸಿಕ್ಕಿತು, ಎರಡಕ್ಕೆ ಎರಡರ ಜೋಡಿ ಸಿಕ್ಕಿತು, ಆದರೆ ಒಂದರ ಗುಂಪುಗಳು ಮೂರಿದ್ದವು. ಒಂದು ಒಂಟಿಯಾಗಿ ಉಳಿಯಿತು. ಆ ಒಂಟಿಯನ್ನು ತೆಗೆದುಬಿಟ್ಟರೆ ಎಲ್ಲವೂ ಜೋಡಿ. ಆದ್ದರಿಂದ ಮೂರು ಸಾಲುಗಳಲ್ಲಿ ಯಾವುದರಿಂದಲಾದರೂ ಒಂದೇ ಒಂದು ಮಣಿ ಎತ್ತುವುದು ಗೆಲ್ಲುವ ಮೊದಲ ನಡೆ. ಒಂಟಿ ಗುಂಪು ಯಾವಾಗಲೂ ಇಷ್ಟು ಸುಲಭವಾಗಿ ಕೈಗೆ ಸಿಗುವುದಿಲ್ಲ ಎಂದು ತೋರಿಸಲು ಒಂದು, ನಾಲ್ಕು, ಆರು ಮಣಿಗಳ ಸಾಲುಗಳನ್ನು ಇಡಬೇಕು. ಅಲ್ಲಿ ನಾಲ್ಕಕ್ಕೆ ಜೋಡಿ ಇದೆ, ಎರಡು ಒಂಟಿ, ಒಂದೂ ಒಂಟಿ. ಆರರ ಸಾಲಿನ ಎರಡನ್ನು ಒಡೆದು ಅದರಲ್ಲಿ ಒಂದನ್ನು ಮಾತ್ರ ಎತ್ತಿದರೆ, ಉಳಿದ ಒಂದು ಮೊದಲ ಸಾಲಿನ ಒಂದಕ್ಕೆ ಜೋಡಿಯಾಗುತ್ತದೆ. ಇದನ್ನು ಕಂಡ ಒಬ್ಬ ಹುಡುಗ ಮಣಿಗಳನ್ನು ಕೈಯಲ್ಲಿಯೇ ಹಿಡಿದುಕೊಂಡು, "ಚಿಲ್ಲರೆ ಮಾಡಿಸಿದ ಹಾಗೆ ಅಲ್ವಾ ಮೇಡಂ" ಎಂದ. ದ್ವಿಮಾನ ಪದ್ಧತಿಯನ್ನು ಇದಕ್ಕಿಂತ ಚೆನ್ನಾಗಿ ಒಂದೇ ಮಾತಿನಲ್ಲಿ ಹೇಳಿದ್ದನ್ನು ನಾನು ಕೇಳಿಲ್ಲ. ಇಲ್ಲಿ ಪೆಟ್ಟಿಗೆಯ ಇನ್ನೊಂದು ಚಿಕ್ಕ ತೊಡಕು ಬಯಲಾಯಿತು: ಸಾಲಿಗೊಂದು ಬಣ್ಣ ಇರುವುದರಿಂದ ಗುಂಪುಗಳಾಗಿ ಒಡೆಯುವಾಗ ಮಕ್ಕಳ ಕಣ್ಣು ಗಾತ್ರವನ್ನು ಬಿಟ್ಟು ಬಣ್ಣದ ಹಿಂದೆ ಹೋಗುತ್ತದೆ. ಈ ಪಾಠಕ್ಕೆ ಒಂದೇ ಬಣ್ಣದ ಹುಣಸೆ ಬೀಜವೇ ಮೇಲು.

ಮೂರನೆಯ ಆಟಕ್ಕೆ ಪುಸ್ತಿಕೆ ಕೊಟ್ಟ ಹೆಸರು "ವಿಷದ ಚಾಕಲೇಟ್". ನಾಲ್ಕು ಅಡ್ಡಸಾಲು, ಆರು ಉದ್ದಸಾಲುಗಳಲ್ಲಿ ಇಪ್ಪತ್ತನಾಲ್ಕು ತುಂಡುಗಳನ್ನು ಜೋಡಿಸಬೇಕು. ಎಡಗಡೆಯ ಕೆಳ ಮೂಲೆಯದು ಕಪ್ಪು, ಅದೇ ವಿಷ. ಸರದಿ ಬಂದವರು ಒಂದು ತುಂಡನ್ನು ಆರಿಸಿ, ಅದನ್ನೂ ಅದರ ಬಲಕ್ಕೂ ಮೇಲಕ್ಕೂ ಇರುವ ಎಲ್ಲವನ್ನೂ ತೆಗೆಯಬೇಕು. ವಿಷ ಯಾರ ಪಾಲಿಗೆ ಬಂತೋ ಅವರು ಸೋತರು. ಈ ರೂಪದಲ್ಲಿ ಇದನ್ನು ಅಮೆರಿಕದ ಡೇವಿಡ್ ಗೇಲ್ 1974ರಲ್ಲಿ ಮುಂದಿಟ್ಟರು. ಅದಕ್ಕೂ ಮೊದಲು, 1952ರಲ್ಲಿ, ಹಾಲೆಂಡಿನ ಫ್ರೆಡ್ ಸ್ಕುಹ್ ಇದನ್ನೇ ಅಪವರ್ತನಗಳ ಆಟವಾಗಿ ಬರೆದಿದ್ದರು: 72ರ ಹನ್ನೆರಡು ಅಪವರ್ತನಗಳನ್ನು ಕಪ್ಪು ಹಲಗೆಯ ಮೇಲೆ ಬರೆದು, ಒಬ್ಬರು ಒಂದನ್ನು ಹೇಳಿದರೆ ಅದನ್ನೂ ಅದರಿಂದ ಶೇಷವಿಲ್ಲದೆ ಭಾಗವಾಗುವ ಸಂಖ್ಯೆಗಳನ್ನೂ ಅಳಿಸಬೇಕು, ಒಂದು ಎಂದು ಹೇಳಬೇಕಾಗಿ ಬಂದವರು ಸೋತರು. ಪೆಟ್ಟಿಗೆ ಇಲ್ಲದ ಶಾಲೆಯಲ್ಲಿ ಸೀಮೆಸುಣ್ಣದ ತುಂಡೊಂದಿದ್ದರೆ ಈ ಆಟ ಆಡಿಸಬಹುದು. ಆದರೆ ಮರದ ತುಂಡುಗಳನ್ನು ಗುಂಪಾಗಿ ಬಾಚಿ ತೆಗೆಯುವಾಗ ಕೈಗೆ ಸಿಗುವ ಸ್ಪಷ್ಟತೆ ಬೇರೆಯೇ. ಇಡೀ ಪೆಟ್ಟಿಗೆಯಲ್ಲಿ ಕೊಟ್ಟ ದುಡ್ಡಿಗೆ ಪೂರ್ತಿ ನ್ಯಾಯ ಸಲ್ಲಿಸುವ ಸಾಮಾನು ಎಂದರೆ ಈ ಚೌಕ ತುಂಡುಗಳು.

ಈ ಆಟದಲ್ಲಿ ಒಂದು ಅಪರೂಪದ ಸಂಗತಿ ಇದೆ. ಎಷ್ಟು ದೊಡ್ಡ ಚಾಕಲೇಟೇ ಇರಲಿ, ಒಂದೇ ತುಂಡಿನದನ್ನು ಬಿಟ್ಟರೆ ಗೆಲುವಿನ ದಾರಿ ಮೊದಲು ಆಡುವವರದೇ ಎಂದು ಸಾಧಿಸಬಹುದು; ಆದರೆ ಆ ದಾರಿ ಯಾವುದು ಎಂಬುದಕ್ಕೆ ಎಲ್ಲ ಅಳತೆಗಳಿಗೂ ಹೊಂದುವ ಉತ್ತರ ಸಿಕ್ಕಿಲ್ಲ. ಸಾಧನೆ, ಅಂದರೆ ತರ್ಕದ ರುಜುವಾತು, ಹೀಗೆ: ಎರಡನೆಯವರಿಗೆ ಗೆಲ್ಲುವ ದಾರಿ ಇದೆ ಎಂದೇ ಇಟ್ಟುಕೊಳ್ಳೋಣ. ಮೊದಲಿಗರು ಬಲಗಡೆಯ ಮೇಲಿನ ಮೂಲೆಯ ಒಂದೇ ತುಂಡನ್ನು ತೆಗೆಯಲಿ. ಅದಕ್ಕೆ ಎರಡನೆಯವರ ಬಳಿ ಗೆಲ್ಲುವ ಮರುನಡೆ ಇರಲೇಬೇಕು. ಆದರೆ ಯಾರು ಯಾವ ತುಂಡನ್ನು ಆರಿಸಿದರೂ ಆ ಮೂಲೆಯ ತುಂಡು ಹೇಗಿದ್ದರೂ ಹೋಗುತ್ತದೆ. ಅಂದಮೇಲೆ ಎರಡನೆಯವರು ಉಳಿಸಿದ ಆಕಾರವನ್ನೇ ಮೊದಲಿಗರು ತಮ್ಮ ಮೊದಲ ನಡೆಯಲ್ಲಿ ನೇರವಾಗಿ ಉಳಿಸಬಹುದಿತ್ತು, ಗೆಲುವು ಅವರದಾಗುತ್ತಿತ್ತು. ಆದ್ದರಿಂದ ನಾವು ಇಟ್ಟುಕೊಂಡ ಮಾತು ತಪ್ಪು. ಈ ಆರು ವಾಕ್ಯಗಳಿಗೆ ತರಗತಿಯಲ್ಲಿ ಮೂರು ಶನಿವಾರ ಹಿಡಿಯಿತು. "ದಾರಿ ತೋರಿಸದೇ ದಾರಿ ಇದೆ ಅಂದ್ರೆ ಹೇಗೆ ನಂಬೋದು?" ಎಂದು ಮಕ್ಕಳು ಪಟ್ಟು ಹಿಡಿದು ಕೇಳಿದರು, ಆ ಪ್ರಶ್ನೆ ಗೌರವಕ್ಕೆ ಅರ್ಹವಾದದ್ದು. √2 ಅಭಾಗಲಬ್ಧ (ಎರಡು ಪೂರ್ಣಾಂಕಗಳ ಭಿನ್ನವಾಗಿ ಬರೆಯಲಾಗದ ಸಂಖ್ಯೆ) ಎಂದು ಸಾಧಿಸುವ ಹತ್ತನೇ ತರಗತಿಯ ಪಾಠದಲ್ಲಿ "ಇದಕ್ಕೆ ವಿರುದ್ಧವಾಗಿ ಭಾವಿಸೋಣ" ಎಂಬ ಸಾಲು ಬಂದಾಗಲೆಲ್ಲ ಮಕ್ಕಳು ಅದನ್ನು ಪ್ರಶ್ನಿಸದೆ ಬಾಯಿಪಾಠ ಮಾಡಿಕೊಳ್ಳುವುದನ್ನು ನಾನು ವರ್ಷಗಳಿಂದ ನೋಡುತ್ತಾ ಬಂದಿದ್ದೇನೆ. ಈ ಮಕ್ಕಳು ಈಗ ಹತ್ತನೇ ತರಗತಿಗೆ ಬಂದಿದ್ದಾರೆ. ಆ ಸಾಲಿಗೆ ಬಂದಾಗ ಹಿಂದಿನ ಬೆಂಚಿನಿಂದ "ಚಾಕಲೇಟ್ ಥರ" ಎಂಬ ದನಿ ಕೇಳಿತು. ನನಗೆ ಅಷ್ಟು ಸಾಕಾಯಿತು.

ಇಷ್ಟು ಸೊಗಸಾದ ಆಟದಲ್ಲಿಯೇ ಪುಸ್ತಿಕೆ ಅತ್ಯಂತ ದೊಡ್ಡ ತಪ್ಪು ಮಾಡಿದೆ. ವಿಷದ ತುಂಡಿಗೆ ಓರೆಯಾಗಿ ತಾಗಿಕೊಂಡ ತುಂಡನ್ನು ಮೊದಲು ತೆಗೆದು, ಉಳಿಯುವ ಎರಡು ತೋಳುಗಳಲ್ಲಿ ಎದುರಾಳಿಯನ್ನು ಕನ್ನಡಿಯಂತೆ ಅನುಸರಿಸಿದರೆ "ಯಾವ ಹಲಗೆಯಲ್ಲಾದರೂ" ಗೆಲುವು ಖಂಡಿತ ಎಂದು ಅಲ್ಲಿ ಬರೆದಿದೆ. ಚೌಕ ಹಲಗೆಯಲ್ಲಿ ಮಾತ್ರ ಇದು ಸರಿ, ಏಕೆಂದರೆ ಅಲ್ಲಿ ಎರಡೂ ತೋಳುಗಳು ಸಮ. ಪೆಟ್ಟಿಗೆಯಲ್ಲಿ ಕೊಟ್ಟಿರುವ ನಾಲ್ಕು ಅಡ್ಡ ಆರರ ಹಲಗೆಯಲ್ಲಿ ಹಾಗೆ ಮಾಡಿದರೆ ಒಂದು ತೋಳಿನಲ್ಲಿ ಮೂರು ತುಂಡು, ಇನ್ನೊಂದರಲ್ಲಿ ಐದು ತುಂಡು ಉಳಿಯುತ್ತವೆ. ಎದುರಾಳಿ ಐದರ ತೋಳಿನಿಂದ ಎರಡು ತೆಗೆದು ಸಮ ಮಾಡಿಕೊಂಡರೆ ಕನ್ನಡಿಯ ಉಪಾಯ ಅವರ ಪಾಲಾಗುತ್ತದೆ. ತಮ್ಮದೇ ಹಲಗೆಯ ಮೇಲೆ ಒಂದು ಸಲ ಆಡಿ ನೋಡಿದ್ದರೆ ಈ ಸಾಲು ಅಚ್ಚಾಗುತ್ತಿರಲಿಲ್ಲ. ಇದನ್ನು ಕಂಡುಹಿಡಿದವರು ನಿಮ್ ಆಟದ ಎರಡು ಸಾಲುಗಳನ್ನು ಚೆನ್ನಾಗಿ ಅರಗಿಸಿಕೊಂಡಿದ್ದ ಇಬ್ಬರು ಹುಡುಗಿಯರು. ಎರಡು ತೋಳುಗಳು ಎಂದರೆ ನಿಮ್‌ನ ಎರಡು ಸಾಲುಗಳೇ ಎಂದು ಅವರಿಗೆ ಕಂಡಿತು. ಅಚ್ಚಾದ ಪುಸ್ತಕದ ಮಾತನ್ನು ಸಾಧನೆಯ ಬಲದಿಂದ ತಪ್ಪು ಎಂದು ಹೇಳಬಹುದು ಎಂಬುದು ಅಂದು ತರಗತಿಗೆ ಗೊತ್ತಾಯಿತು. ಆದರೂ ಇದು ಪುಸ್ತಿಕೆಯ ಹೆಗ್ಗಳಿಕೆಯಲ್ಲ. ಮನೆಯಲ್ಲಿ ಒಬ್ಬಂಟಿಯಾಗಿ ಓದುವ ಮಗು ತಪ್ಪನ್ನೇ ನಿಜವೆಂದು ನಂಬಿಬಿಡುತ್ತದೆ.

ನಾಲ್ಕನೆಯದಾದ ರಾಣಿಯ ಆಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಾಸಿನ ಮೇಲಿನ ಒಂದೇ ರಾಣಿಯನ್ನು (ನಮ್ಮ ಕಡೆ ಹಿರಿಯರು ಮಂತ್ರಿ ಎನ್ನುತ್ತಾರೆ) ಇಬ್ಬರೂ ಸರದಿಯಂತೆ ಎಡಕ್ಕೆ, ಕೆಳಕ್ಕೆ ಅಥವಾ ಓರೆಯಾಗಿ ಮೂಲೆಯ ಕಡೆಗೆ ನಡೆಸಬೇಕು, ಮೂಲೆ ಮುಟ್ಟಿಸಿದವರು ಗೆದ್ದರು. ಡಚ್ ಗಣಿತಜ್ಞ ವಿಥಾಫ್ 1907ರಲ್ಲಿ ಬಿಡಿಸಿದ ಆಟ ಇದೇ, ಅವರು ಎರಡು ರಾಶಿಗಳ ರೂಪದಲ್ಲಿ ನೋಡಿದ್ದರು. ಮೂಲೆಯನ್ನು ಸೊನ್ನೆ, ಸೊನ್ನೆ ಎಂದು ಎಣಿಸಿದರೆ ಬಲೆಗಳು (1, 2), (3, 5), (4, 7). ನಿರ್ದೇಶಾಂಕಗಳ ಅಭ್ಯಾಸಕ್ಕೆ ಒಳ್ಳೆಯ ಆಟ. ಗುರಿಯಿಂದ ಹಿಂದಕ್ಕೆ ಯೋಚಿಸುವುದನ್ನು ಕಣ್ಣಿಗೆ ಕಾಣುವಂತೆ ಮಾಡುತ್ತದೆ. ಆದರೆ ಎಂಟು ಅಡ್ಡ ಎಂಟರ ಹಾಸು ಇದಕ್ಕೆ ಸಾಲದು. ಜೋಡಿಗಳ ವ್ಯತ್ಯಾಸ ಒಂದು, ಎರಡು, ಮೂರು ಎಂದು ಏರುತ್ತದೆ, ಒಮ್ಮೆ ಬಂದ ಸಂಖ್ಯೆ ಮತ್ತೆ ಬರುವುದಿಲ್ಲ ಎಂಬ ಕ್ರಮ ಹೊಳೆಯಬೇಕಾದರೆ (6, 10), (8, 13), (9, 15) ಕೂಡ ಕಾಣಬೇಕು. ನಾವು ಹಾಸನ್ನು ಬದಿಗಿಟ್ಟು ಗ್ರಾಫ್ ಹಾಳೆಯ ಮೇಲೆ ಆಡಿದೆವು.

ಐದನೆಯದು ಹುಲಿ-ಕುರಿ. ಮಕ್ಕಳಿಗೆ ಅತ್ಯಂತ ಪ್ರಿಯವಾದದ್ದು ಇದೇ. ಹಲವರು ಇದನ್ನು ಅಜ್ಜನ ಮನೆಯ ಜಗಲಿಯಲ್ಲಿ ಆಡಿ ಬಲ್ಲವರು, ಹಂಪಿಯ ಕಲ್ಲುಹಾಸುಗಳಲ್ಲಿ ಇಂಥ ಆಟಗಳ ಮನೆಗಳನ್ನು ಕೊರೆದಿರುವುದನ್ನು ಪ್ರವಾಸದಲ್ಲಿ ನೋಡಿ ಬಂದವರೂ ಇದ್ದರು. ಇಪ್ಪತ್ತಮೂರು ಬಿಂದುಗಳು, ಮೂರು ಹುಲಿ, ಹದಿನೈದು ಕುರಿ. ಹುಲಿ ಕುರಿಯನ್ನು ಹಾರಿ ಕೊಲ್ಲುತ್ತದೆ, ಕುರಿಗಳು ಹುಲಿಯನ್ನು ಅಲುಗಾಡದಂತೆ ಕಟ್ಟಿಹಾಕುತ್ತವೆ. ಹಲಗೆಯ ಕೆತ್ತನೆ ಚೆನ್ನಾಗಿದೆ, ಹುಲಿಯ ಕಾಯಿಗಳು ಕೈಗೆತ್ತಿಕೊಂಡರೆ ಇಡಲು ಮನಸ್ಸಾಗದಷ್ಟು ಚಂದ. ಆದರೆ ನನ್ನ ಅಳತೆಗೋಲಿನಲ್ಲಿ ಇದಕ್ಕೆ ಮೊದಲ ಮೂರು ಆಟಗಳ ಸ್ಥಾನ ಕೊಡಲಾರೆ. ಸ್ಥಿತಿಗಳ ಸಂಖ್ಯೆ ಅಗಾಧ, ಚಿಕ್ಕದು ಮಾಡಿ ನೋಡಲು ಸುಲಭ ದಾರಿ ಇಲ್ಲ, "ಯಾರು ಗೆಲ್ಲಬೇಕು?" ಎಂಬ ಪ್ರಶ್ನೆಗೆ ತರಗತಿಯಲ್ಲಿ ಕೈಲೆಕ್ಕದಿಂದ ಉತ್ತರ ಸಿಗುವುದಿಲ್ಲ. ಅದರಿಂದ ಕಲಿಸಬಹುದಾದದ್ದು ಬೇರೆ ಬಗೆಯದು. ಕುರಿಯೊಂದು ಯಾವಾಗ ಸುರಕ್ಷಿತ ಎಂದು ಒಂದೇ ವಾಕ್ಯದಲ್ಲಿ ಬರೆಯಿರಿ ಎಂದಾಗ, ಮೊದಲು "ಹುಲಿ ದೂರ ಇದ್ದಾಗ" ಎಂದವರು, ಹತ್ತು ಸಲ ತಿದ್ದಿದ ಮೇಲೆ, "ಹುಲಿಯಿಂದ ನೇರ ಗೆರೆಯಲ್ಲಿ ಕುರಿಯ ಹಿಂದಿನ ಬಿಂದು ತುಂಬಿದ್ದರೆ ಅಥವಾ ಅಲ್ಲಿ ಬಿಂದುವೇ ಇಲ್ಲದಿದ್ದರೆ" ಎಂಬಲ್ಲಿಗೆ ಬಂದರು. ನಿಖರವಾಗಿ ಬರೆಯುವ ಅಭ್ಯಾಸಕ್ಕೆ ಇದು ಬೆಲೆಯುಳ್ಳ ಪಾಠವೇ. ಊರಿಂದೂರಿಗೆ ನಿಯಮ ಬದಲಾಗುತ್ತದೆ ಎಂಬ ಮಾತನ್ನು ಪುಸ್ತಿಕೆ ಹೇಳಿದ್ದರೆ ಮಕ್ಕಳ ಮನೆಗಳಲ್ಲಿ ಜಗಳ ಕಡಿಮೆಯಾಗುತ್ತಿತ್ತು.

ಪೆಟ್ಟಿಗೆಯಲ್ಲಿ ಇರಬೇಕಿದ್ದ ಒಂದು ಆಟ ಇಲ್ಲ: ಹೆಕ್ಸ್. 1942ರಲ್ಲಿ ಡೆನ್ಮಾರ್ಕಿನ ಪೀಟ್ ಹೈನ್, ಕೆಲವು ವರ್ಷಗಳ ನಂತರ ಪ್ರಿನ್ಸ್‌ಟನ್ನಿನಲ್ಲಿ ಜಾನ್ ನ್ಯಾಶ್, ಪ್ರತ್ಯೇಕವಾಗಿ ಕಂಡುಕೊಂಡ ಈ ಆಟಕ್ಕೆ ಜೇನುಗೂಡಿನಂಥ ಷಟ್ಕೋನಗಳ ಹಲಗೆ ಬೇಕು. ಎದುರುಬದುರಿನ ಅಂಚುಗಳನ್ನು ತಮ್ಮ ಬಣ್ಣದಿಂದ ಜೋಡಿಸಿದವರು ಗೆದ್ದರು, ಸಮಬಲ ಸಾಧ್ಯವೇ ಇಲ್ಲ. ಚಾಕಲೇಟ್ ಆಟದ ಸಾಧನೆಯ ಜಾಡಿನಲ್ಲಿಯೇ ಇಲ್ಲಿಯೂ ಮೊದಲಿಗರಿಗೆ ಗೆಲುವಿನ ದಾರಿ ಇದೆ ಎಂದು ತೋರಿಸಬಹುದಾದ್ದರಿಂದ ಆ ಎರಡು ಆಟಗಳು ಒಂದೇ ಪೆಟ್ಟಿಗೆಯಲ್ಲಿ ಇರುವುದು ಚೆನ್ನ. ಮೂರು ಅಡ್ಡ ಮೂರು, ನಾಲ್ಕು ಅಡ್ಡ ನಾಲ್ಕರ ಹಲಗೆಗಳನ್ನು ಕಾಗದದ ಮೇಲೆ ಬರೆದುಕೊಂಡು ನಾವು ಆಡಿದ್ದೇವೆ.

ಪರೀಕ್ಷೆಯ ಅಂಕ ಏರಿತೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಅಂಥ ಮಾತನ್ನು ಹೇಳಲು ನನ್ನಲ್ಲಿ ಆಧಾರವಿಲ್ಲ. ಕಂಡದ್ದನ್ನು ಮಾತ್ರ ಹೇಳಬಲ್ಲೆ. ಹೊಸ ಲೆಕ್ಕ ಕೊಟ್ಟರೆ "ಇದು ಯಾವ ಅಧ್ಯಾಯದ್ದು ಮೇಡಂ?" ಎಂದು ಕೇಳುವುದು ನಮ್ಮ ಮಕ್ಕಳ ಹಳೆಯ ರೂಢಿ, ಅಧ್ಯಾಯ ಗೊತ್ತಾದರೆ ಸೂತ್ರ ಗೊತ್ತಾಗುತ್ತದೆ. ಫೆಬ್ರವರಿಯಲ್ಲಿ ಒಂದು ದಿನ ಚದುರಂಗದ ಹಾಸಿನ ಮೇಲೆ ಒಟ್ಟು ಎಷ್ಟು ಚೌಕಗಳಿವೆ ಎಂದು ಕೇಳಿದೆ. ಅಧ್ಯಾಯದ ಪ್ರಶ್ನೆ ಬರಲಿಲ್ಲ. "ಚಿಕ್ಕದು ಮಾಡೋಣ" ಎಂದು ಯಾರೋ ಹೇಳಿದರು. ಒಂದು ಮನೆಯ ಹಾಸಿಗೆ ಒಂದು, ಎರಡು ಅಡ್ಡ ಎರಡಕ್ಕೆ ಐದು, ಮೂರು ಅಡ್ಡ ಮೂರಕ್ಕೆ ಹದಿನಾಲ್ಕು ಎಂದು ಬರೆಯುತ್ತಾ ಹೋಗಿ ವರ್ಗಸಂಖ್ಯೆಗಳ ಮೊತ್ತ ಎಂದು ಗುರುತಿಸಿ, 204ಕ್ಕೆ ಬಂದು ನಿಂತರು. ಎಲ್ಲ ಮಕ್ಕಳೂ ಹೀಗೆ ಬದಲಾಗಿದ್ದಾರೆ ಎನ್ನಲಾರೆ. ಆರೇಳು ಮಂದಿಗೆ ಗೆಲುವಿನಾಚೆಗೆ ಆಸಕ್ತಿ ಹುಟ್ಟಲೇ ಇಲ್ಲ, ಇನ್ನು ಕೆಲವರು ಬಲೆ ಸಂಖ್ಯೆಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಕೊಂಡು ತೃಪ್ತರಾದರು. ನಿಯಮ ಬದಲಿಸಿ ಕೊಟ್ಟಾಗಲೆಲ್ಲ ಅವರು ತಡವರಿಸುವುದು ಕಾಣುತ್ತಿತ್ತು. ಅವರಿಗೆ ಇನ್ನಷ್ಟು ಸಮಯ ಕೊಡುವುದು ನನ್ನಿಂದಾಗಲಿಲ್ಲ.

ಕೊಳ್ಳಬೇಕೇ? ಶಾಲೆಗೆ ಒಂದು ಪೆಟ್ಟಿಗೆ ಕೊಳ್ಳಿ, ಜೋಡಿಗೊಂದರಂತೆ ಬೇಡ. ಉಳಿದವರಿಗೆ ಬೀಜ, ಸೀಮೆಸುಣ್ಣ, ಗ್ರಾಫ್ ಹಾಳೆ ಸಾಕು. ಮುಚ್ಚಳಕ್ಕೆ ಕಾಗದ ಅಂಟಿಸಿ, ಪುಸ್ತಿಕೆಯನ್ನು ಶಿಕ್ಷಕರ ಮೇಜಿನೊಳಗೆ ಇಡಿ. ಮನೆಯಲ್ಲಿ ಎಂಟು ವರ್ಷ ದಾಟಿದ ಮಗುವಿದ್ದು, ಅದರೊಂದಿಗೆ ಕೂತು ಆಡಿ ಸೋಲಲು ನಿಮಗೆ ಸಮಯವಿದ್ದರೆ, 1,350 ರೂಪಾಯಿ ಹೆಚ್ಚಲ್ಲ. ಮಗುವನ್ನು ಅದರ ಪಾಡಿಗೆ ಬಿಟ್ಟು ಪೆಟ್ಟಿಗೆಯೇ ಕಲಿಸಲಿ ಎಂದಿದ್ದರೆ ಕೊಳ್ಳಬೇಡಿ.

ಮಾರ್ಚ್ ತಿಂಗಳಲ್ಲಿ ಆ ಇಬ್ಬರು ಹುಡುಗಿಯರು ಅಂಗಡಿಗೆ ಒಂದು ಪತ್ರ ಬರೆದರು. ನಾಲ್ಕು ಅಡ್ಡ ಆರರ ಹಲಗೆಯ ಚಿತ್ರ ಬಿಡಿಸಿ, ಮೂರು ಮತ್ತು ಐದರ ತೋಳುಗಳಿಗೆ ಬೇರೆ ಬೇರೆ ಬಣ್ಣ ಹಚ್ಚಿ, ಎದುರಾಳಿ ಎಲ್ಲಿ ಎರಡು ತುಂಡು ತೆಗೆಯುತ್ತಾರೆ ಎಂದು ಬಾಣದ ಗುರುತು ಹಾಕಿ, ಕೆಳಗೆ "ಯಾವ ಹಲಗೆಯಲ್ಲಾದರೂ ಎಂಬುದನ್ನು ಚೌಕ ಹಲಗೆಯಲ್ಲಿ ಎಂದು ತಿದ್ದಬೇಕಾಗಿ ವಿನಂತಿ" ಎಂದು ಸೇರಿಸಿದ್ದರು. ಉತ್ತರ ಇನ್ನೂ ಬಂದಿಲ್ಲ. ಅಷ್ಟರಲ್ಲಿ ಅವರು ನಾಲ್ಕು ಅಡ್ಡ ಆರರಲ್ಲಿ ಗೆಲ್ಲುವ ಮೊದಲ ನಡೆ ಯಾವುದು ಎಂದು ಹುಡುಕತೊಡಗಿದ್ದಾರೆ. ಎರಡು ಸಾಲಿನ ಹಲಗೆಗಳ ಪಟ್ಟಿ ಮುಗಿದಿದೆ, ಮೂರು ಸಾಲಿನದು ನಡೆಯುತ್ತಿದೆ.